‘ಫ್ರೆನಿಮಿ’ ಎಂಬ ಪದ ಹುಟ್ಟಿದ್ದು ಹೇಗೆ?

ಗೆಳೆಯನೂ ಹೌದು, ವೈರಿಯೂ ಹೌದು ಎನ್ನುವಂಥವರಿಗೆ ಇಂಗ್ಲಿಷಿನಲ್ಲಿ ‘ಫ್ರೆನಿಮಿ’ ಎನ್ನುತ್ತಾರೆ. ‘ಫ್ರೆಂಡ್’ (ಗೆಳೆಯ), ‘ಎನಿಮಿ’ (ವೈರಿ) ಎರಡನ್ನೂ ಬಾಯಿಬಿಟ್ಟು ನಿಧಾನವಾಗಿ ಹೇಳಿ ನೋಡಿ. ಮೊದಲನೆಯದರ ನಡುವೆ ಕೇಳುವ ‘ಎನ್’ ಎಂಬ ಸದ್ದಿನಿಂದಲೇ ಎರಡನೆಯದು ಶುರುವಾಗುತ್ತದೆ. ಆ ಸದ್ದಿನ ಜಾಗದಲ್ಲಿ ಒಂದರ ಮೇಲೊಂದು ಕೂರಿಸಿ, ‘ಡ್’ ತೆಗೆದರೆ ‘ಫ್ರೆನಿಮಿ’. ಕಳೆದುಹೋಗುವುದು ಒಂದೇ ವ್ಯಂಜನ. ಹಾಗಾಗಿಯೇ ಮೊದಲ ಸಲ ಕೇಳಿದವರಿಗೂ ಎರಡೂ ಪದಗಳ ಗುರುತು ಸಿಗುತ್ತದೆ. ಹೀಗೆ ಎರಡು ಪದ ಸೇರಿಸಿ ಕಟ್ಟುವ ಬೆಸುಗೆ ಪದಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ: ಜಾಸ್ತಿ ಕತ್ತರಿಸಿದರೆ ಮೂಲವೇ ತಿಳಿಯದು, ಕತ್ತರಿಸದಿದ್ದರೆ ನಾಲಿಗೆ ತೊಡರುತ್ತದೆ.

ಪದ ಅಚ್ಚಿನಲ್ಲಿ ಕಂಡ ಒಂದು ಹಳೆಯ ಉದಾಹರಣೆ ರಾಜಕೀಯದ್ದು. 1953ರ ಮೇ ತಿಂಗಳು, ಸೋವಿಯತ್ ನಾಯಕ ಸ್ಟಾಲಿನ್ ತೀರಿಕೊಂಡು ಎರಡು ತಿಂಗಳಾಗಿತ್ತು. ರಷ್ಯನ್ನರನ್ನು ಹೀಗೆ ಕರೆದರೆ ಹೇಗೆ ಎಂದು ಅಮೆರಿಕದ ಅಂಕಣಕಾರ ವಾಲ್ಟರ್ ವಿಂಚೆಲ್ ಬರೆದ. ಅವನ ಕಾಗುಣಿತದಲ್ಲಿ ‘ಫ್ರೆಂಡ್’ನ ‘ಐ’ ಅಕ್ಷರ ಉಳಿದಿತ್ತು; ಉಚ್ಚಾರಕ್ಕೆ ಬೇಡವಾದ ಅದು ಆಮೇಲೆ ಉದುರಿತು. ಲೇಖಕಿ ಜೆಸ್ಸಿಕಾ ಮಿಟ್‌ಫರ್ಡ್ ಮಾತ್ರ 1977ರಲ್ಲಿ, ಇದು ತನ್ನ ಸೋದರಿಯೊಬ್ಬಳು ಚಿಕ್ಕವಳಿದ್ದಾಗ ಕಟ್ಟಿದ ಪದ ಎಂದಳು. ಸದಾ ಜೊತೆಗಿದ್ದರೂ ಇಷ್ಟವಾಗದ ನೆರೆಮನೆಯ ಹುಡುಗಿಗೆ ಇಟ್ಟ ಹೆಸರಂತೆ.

ಬೇರು ಕೆದಕಿದರೆ ಇನ್ನೂ ಸೊಗಸು. ‘ಫ್ರೆಂಡ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ‘ಪ್ರೀತಿಸುವವನು’. ‘ಎನಿಮಿ’ ಲ್ಯಾಟಿನ್ನಿನ ‘ಇನಿಮಿಕುಸ್’ನಿಂದ ಫ್ರೆಂಚ್ ದಾಟಿ ಬಂದದ್ದು, ಅದರರ್ಥ ‘ಗೆಳೆಯನಲ್ಲದವನು’. ಸಂಸ್ಕೃತದ ‘ಅಮಿತ್ರ’ವೂ ಹೀಗೆಯೇ ಕಟ್ಟಿದ್ದು. ನಮ್ಮ ‘ಹಿತಶತ್ರು’ ಇದಕ್ಕೆ ಹತ್ತಿರದ ಪದವಾದರೂ ಪೂರ್ತಿ ಹೊಂದುವುದಿಲ್ಲ. ಹಿತಶತ್ರು ಹಿತೈಷಿಯ ವೇಷ ಹಾಕಿದವನು. ಫ್ರೆನಿಮಿಯ ಸ್ನೇಹ ವೇಷವಾಗಿರಲೇಬೇಕೆಂದಿಲ್ಲ. ನಿಜವಾದ ಸ್ನೇಹದೊಳಗೇ ಹೊಟ್ಟೆಕಿಚ್ಚೂ ಇರಬಹುದು.

ಮನಶ್ಶಾಸ್ತ್ರಜ್ಞರಾದ ಅಬ್ರಹಾಂ ಟೆಸ್ಸರ್ ಮತ್ತು ಜೊನಾಥನ್ ಸ್ಮಿತ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಹಿಡಿದು ತೋರಿಸಿತು. ಸುಳಿವು ಕೇಳಿ ಪದ ಊಹಿಸುವ ಆಟ. ತಾವು ಚೆನ್ನಾಗಿ ಆಡಲಿಲ್ಲವೆಂದು ತಿಳಿದವರು ಈಗ ಗೆಳೆಯನಿಗೂ ಅಪರಿಚಿತನಿಗೂ ಸುಳಿವು ಕೊಡಬೇಕು. ಸುಲಭದ್ದೋ ಕಷ್ಟದ್ದೋ, ಆಯ್ಕೆ ಅವರದು. ಇದು ಬರೀ ಆಟ ಎಂದಾಗ ಸುಲಭದ ಸುಳಿವು ಗೆಳೆಯನ ಪಾಲಾಯಿತು. ಮುಖ್ಯ ಸಾಮರ್ಥ್ಯಗಳ ಪರೀಕ್ಷೆ ಎಂದಾಗ ಗೆಳೆಯನಿಗೆ ಅಪರಿಚಿತನಿಗಿಂತಲೂ ಕಷ್ಟದ ಸುಳಿವುಗಳು ಸಿಕ್ಕವು. ಅಪರಿಚಿತ ಗೆದ್ದರೆ ಗೆದ್ದು ಹೋಗುತ್ತಾನೆ. ಗೆಳೆಯನ ಗೆಲುವು ಮರುದಿನವೂ ಪಕ್ಕದಲ್ಲೇ ಕೂತಿರುತ್ತದೆ.