ಪದ ಪರಿಚಯ: ಫ್ರಿಗೇಟ್

ಹಾಯಿಹಡಗುಗಳ ಕಾಲದಲ್ಲಿ ಫ್ರಿಗೇಟ್ ಎಂದರೆ ಚುರುಕಾಗಿ ಓಡುವ, ಕಾವಲು ಕಾಯುವ, ಶತ್ರುವಿನ ಸುದ್ದಿ ತರುವ ಹಗುರ ಯುದ್ಧನೌಕೆ. ಕಬ್ಬಿಣದ ಹಡಗುಗಳು ಬಂದ ಮೇಲೆ ಹೆಸರು ಬಳಕೆ ತಪ್ಪಿತು. ಎರಡನೇ ಮಹಾಯುದ್ಧದಲ್ಲಿ, ಸರಕು ಹಡಗುಗಳಿಗೆ ಬೆಂಗಾವಲಾಗಿ ಹೋಗಿ ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತಿದ್ದ ನೌಕೆಗಳಿಗೆ ಬ್ರಿಟಿಷರು ಅದನ್ನು ಮತ್ತೆ ಇಟ್ಟರು. ಇಂದು ಗಾತ್ರ ನೋಡಿ ಫ್ರಿಗೇಟ್ ಎಂದು ಗುರುತಿಸಲಾಗದು. 2025ರ ಜನವರಿಯಲ್ಲಿ ನಮ್ಮ ನೌಕಾಪಡೆ ಸೇರಿದ ಐಎನ್‌ಎಸ್ ನೀಲಗಿರಿ 149 ಮೀಟರ್ ಉದ್ದ, ಸುಮಾರು 6,700 ಟನ್. ಆ ಯುದ್ಧದಲ್ಲಿ ಫ್ರಿಗೇಟಿಗಿಂತ ದೊಡ್ಡ ಯುದ್ಧನೌಕೆಗಳೆನಿಸಿದ್ದ ಡಿಸ್ಟ್ರಾಯರ್‌ಗಳ ತೂಕದ ಎರಡು ಪಟ್ಟಿಗೂ ಹೆಚ್ಚು. ಹೀಗಾಗಿ ಹೊಸ ಫ್ರಿಗೇಟಿನ ಯೋಜನೆ ಶುರುವಾಗುವುದು ಅದು ಮಾಡಬೇಕಾದ ಕೆಲಸದಿಂದ.

ಜಲಾಂತರ್ಗಾಮಿ ಬೇಟೆಗೆ ಮೌನ ಬೇಕು. ಹಡಗಿನ ಹಿಂದೆ ಉದ್ದನೆಯ ಕೇಬಲ್ಲಿನಲ್ಲಿ ಎಳೆದೊಯ್ಯುವ ಸೋನಾರ್ ದೂರದ ಸಣ್ಣ ಸದ್ದನ್ನು ಹಿಡಿಯಬೇಕಾದರೆ ತನ್ನ ಎಂಜಿನ್ನಿನ ಸದ್ದು ನೀರಿಗಿಳಿಯಬಾರದು. ಅದಕ್ಕೇ ಬ್ರಿಟನ್ನಿನ ಟೈಪ್ 26 ಫ್ರಿಗೇಟಿನಲ್ಲಿ ಮೆಲ್ಲನೆ ಸಾಗಲು ವಿದ್ಯುತ್ ಮೋಟಾರು, ವೇಗಕ್ಕೆ ಗ್ಯಾಸ್ ಟರ್ಬೈನು. ಡೀಸೆಲ್ ಜನರೇಟರುಗಳನ್ನು ಕಂಪನ ಹೀರುವ ತಳದ ಮೇಲೆ ಕೂರಿಸಬೇಕು. ಹಡಗು ಕಟ್ಟಿ ಮುಗಿಸಿದ ಮೇಲೆ ಈ ಮೌನವನ್ನು ಸೇರಿಸಲು ಬರುವುದಿಲ್ಲ. ವಾಯುರಕ್ಷಣೆಯ ಬೇಡಿಕೆ ಬೇರೆ: ನೀರಿಗೆ ತಾಗಿದಂತೆ ಹಾರಿಬರುವ ಕ್ಷಿಪಣಿ ಬೇಗ ಕಾಣಲು ರಾಡಾರ್ ಎತ್ತರದಲ್ಲಿರಬೇಕು, ಅದಕ್ಕೆ ಹೇರಳ ವಿದ್ಯುತ್ತು, ಬಿಸಿ ಇಳಿಸಲು ತಣ್ಣೀರು. ದೂರದ ಗಸ್ತಿಗಾದರೆ ಇಂಧನ, ವೇಗದ ದೋಣಿಗಳು, ಕಡಿಮೆ ಸಿಬ್ಬಂದಿ.

ಕೆಲಸದ ಆಯ್ಕೆ ಕೈಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಜರ್ಮನಿಯ ಎಫ್125 ಫ್ರಿಗೇಟ್ ನೋಡಬೇಕು. ಕಡಲ್ಗಳ್ಳರನ್ನು ತಡೆಯುವುದು, ಗಲಭೆಗ್ರಸ್ತ ಕರಾವಳಿಗಳ ಬಳಿ ಬೀಡುಬಿಡುವುದು ಅದರ ಉದ್ದೇಶ. ಎರಡು ವರ್ಷ ತವರಿಗೆ ಮರಳದೆ ಇರಬೇಕು, ಸಿಬ್ಬಂದಿ ಮಾತ್ರ ಸರದಿಯ ಮೇಲೆ ಬದಲಾಗಬೇಕು ಎಂದು ಲೆಕ್ಕ ಹಾಕಿದರು. 7,000 ಟನ್ನಿಗೂ ಮೀರಿದ ಹಡಗಿಗೆ ವಾಯುರಕ್ಷಣೆಗೆಂದು ಕೊಟ್ಟದ್ದು ಹತ್ತಿರದ ಗುರಿಯ ಕ್ಷಿಪಣಿ ಮಾತ್ರ. 2007ರಲ್ಲಿ ಗುತ್ತಿಗೆ ಆಯಿತು, ಮೊದಲ ಹಡಗು ಸೇವೆಗೆ ಬಂದದ್ದು 2019ರಲ್ಲಿ. ನಡುವೆ 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡು ಯುರೋಪಿನ ಭೀತಿಯೇ ಬದಲಾಗಿತ್ತು. ಹಡಗು ಹುಟ್ಟುವ ಹೊತ್ತಿಗೆ ಅದು ಎದುರಿಸಬೇಕಾದ ಶತ್ರು ಬೇರೆಯಾಗಿದ್ದ.

ಇದಕ್ಕೆ ಮದ್ದು ‘ಮಾರ್ಜಿನ್’, ಅಂದರೆ ಮುಂದೆ ಸೇರಲಿರುವ ಸಲಕರಣೆಗೆ ಮೊದಲೇ ಕಾದಿಟ್ಟ ತೂಕ, ಜಾಗ, ವಿದ್ಯುತ್ತು, ತಂಪು. ತೂಕವನ್ನೇ ತೆಗೆದುಕೊಳ್ಳಿ. 6,000 ಟನ್ ಹಡಗಿನ ಗುರುತ್ವ ಕೇಂದ್ರಕ್ಕಿಂತ 20 ಮೀಟರ್ ಮೇಲೆ 30 ಟನ್ನಿನ ಹೊಸ ರಾಡಾರ್ ಕೂರಿಸಿದಿರಿ ಎನ್ನಿ. 30ನ್ನು 20ರಿಂದ ಗುಣಿಸಿ 6,030ರಿಂದ ಭಾಗಿಸಿದರೆ, ಗುರುತ್ವ ಕೇಂದ್ರ ಸುಮಾರು 10 ಸೆಂಟಿಮೀಟರ್ ಮೇಲೇರುತ್ತದೆ. ಕೇಳಲು ಅಲ್ಪ. ಆದರೆ ವಾಲಿದ ಹಡಗನ್ನು ನೆಟ್ಟಗೆ ತರುವುದು ಗುರುತ್ವ ಕೇಂದ್ರಕ್ಕೂ ಅದರ ಮೇಲಿರುವ ‘ಮೆಟಾಸೆಂಟರ್’ ಎಂಬ ಬಿಂದುವಿಗೂ ನಡುವಿನ ಎತ್ತರದ ಅಂತರ, ಈ ಗಾತ್ರದಲ್ಲಿ ಅದು ಒಂದು ಮೀಟರಿನ ಆಸುಪಾಸು. ಅದರಲ್ಲಿ ಹತ್ತನೇ ಒಂದು ಪಾಲು ಹೋಯಿತು. ಏಟು ಬಿದ್ದು ನೀರು ನುಗ್ಗಿದಾಗ ಉಳಿಸುವುದು ಅದೇ ಅಂತರ. ಸರಿದೂಗಿಸಲು ತಳದಲ್ಲಿ ಭಾರ ತುಂಬಿದರೆ ಹಡಗು ಇನ್ನಷ್ಟು ಮುಳುಗುತ್ತದೆ, ವೇಗ ಇಳಿಯುತ್ತದೆ, ಇಂಧನ ಹೆಚ್ಚು ಬೇಕು.

ಅಮೆರಿಕದ ಕಾನ್‌ಸ್ಟಲೇಷನ್ ಫ್ರಿಗೇಟ್ ಎಡವಿದ್ದೂ ಇಲ್ಲೇ. ಯುರೋಪಿನ ಫ್ರೆಮ್ ವಿನ್ಯಾಸವನ್ನು ಶೇ. 85ರಷ್ಟು ಹಾಗೇ ಉಳಿಸಿಕೊಳ್ಳುವ ಲೆಕ್ಕವಿತ್ತು. ತಮ್ಮ ನಿಯಮಗಳಿಗೆ ಹೊಂದಿಸುತ್ತ ಹೋಗಿ ಉಳಿದದ್ದು ಶೇ. 15ಕ್ಕೂ ಕಡಿಮೆ. ವಿನ್ಯಾಸ ಮುಗಿಯುವ ಮೊದಲೇ 2022ರಲ್ಲಿ ಕಟ್ಟಲು ಶುರುಮಾಡಿದರು. ತೂಕ ಅಂದಾಜಿಗಿಂತ ಶೇ. 10ಕ್ಕೂ ಹೆಚ್ಚಾಯಿತು, ಎಂದರೆ ಮುಂದಿನ ವರ್ಷಗಳಿಗೆಂದು ಇಡಬೇಕಾದ ಮೀಸಲು ನೀರಿಗಿಳಿಯುವ ಮುಂಚೆಯೇ ಕರಗುತ್ತ ಬಂತು. 2025ರ ನವೆಂಬರಿನಲ್ಲಿ, ಕೈಗೆತ್ತಿಕೊಂಡ ಎರಡು ಹಡಗುಗಳನ್ನು ಬಿಟ್ಟು ಉಳಿದವನ್ನು ರದ್ದುಮಾಡಲಾಯಿತು.

ಯೋಜನಾಪತ್ರದಲ್ಲಿ ‘ಕ್ಷಿಪಣಿಗೆ ಜಾಗ ಬಿಟ್ಟಿದೆ’ ಎಂದು ಕಂಡರೆ ಆ ಡೆಕ್ಕಿನ ಕೆಳಗೆ ಕೇಬಲ್ ಎಳೆದಿದೆಯೇ, ತಣ್ಣೀರಿನ ಕೊಳವೆ ಅಲ್ಲಿಗೆ ಮುಟ್ಟುತ್ತದೆಯೇ, ಜನರೇಟರಿಗೆ ಆ ಹೊರೆ ತಡೆಯುತ್ತದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಅಲ್ಲಿರುವುದು ಬರಿಯ ಖಾಲಿ ಕೋಣೆ.