ಕಿಣ್ವವೇ ಕೃತಕವಾದರೆ ಪರೀಕ್ಷೆಯನ್ನು ನಂಬುವುದು ಹೇಗೆ?

ಪ್ರಶ್ನೆ: ವೈರಸ್ ಸೋಂಕು ಪತ್ತೆಮಾಡಲು ನಿಜವಾದ ಕಿಣ್ವದ ಬದಲು ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಬಳಸುತ್ತಾರಂತೆ. ಆ ಫಲಿತಾಂಶವನ್ನು ನಂಬಬಹುದೇ?

ಉತ್ತರ: ನಂಬಬಹುದು, ಆದರೆ ಅಂಟದೆ ಉಳಿದದ್ದನ್ನು ತೊಳೆದು ತೆಗೆಯುವ ಹಂತ ಸರಿಯಾಗಿರಬೇಕು. ಇಂಥ ಪರೀಕ್ಷೆಯಲ್ಲಿ ವೈರಸ್ಸನ್ನು ಗುರುತಿಸುವುದು ಕಿಣ್ವವಲ್ಲ, ಪ್ರತಿಕಾಯ, ಅಂದರೆ ನಿರ್ದಿಷ್ಟ ಪ್ರೋಟೀನಿಗೆ ಅಂಟಿಕೊಳ್ಳುವ ಅಣು.

ಡೆಂಗಿಯನ್ನೇ ತೆಗೆದುಕೊಳ್ಳಿ. ಜ್ವರದ ಮೊದಲ ದಿನಗಳಲ್ಲೇ ರಕ್ತದಲ್ಲಿ ವೈರಸ್ಸಿನ ಎನ್‌ಎಸ್1 ಪ್ರೋಟೀನು ಕಾಣಿಸಿಕೊಳ್ಳುತ್ತದೆ. ಎಲೈಸಾ ಎಂಬ, ಪ್ರತಿಕಾಯ ಮತ್ತು ಕಿಣ್ವ ಬಳಸುವ ಪರೀಕ್ಷೆಯ ತಟ್ಟೆಯ ಗುಳಿಯಲ್ಲಿ ಅಂಟಿಸಿದ ಪ್ರತಿಕಾಯ ಅದನ್ನು ಹಿಡಿಯುತ್ತದೆ. ಇನ್ನೊಂದು ಪ್ರತಿಕಾಯ ಬಂದು ಅದೇ ಪ್ರೋಟೀನಿಗೆ ಮೇಲಿನಿಂದ ಅಂಟುತ್ತದೆ. ಕಿಣ್ವವಿರುವುದು ಈ ಎರಡನೆಯದರ ಬೆನ್ನಿಗೆ. ಸಾಮಾನ್ಯವಾಗಿ ಅದು ಹಾರ್ಸ್‌ರ‍್ಯಾಡಿಶ್ ಗಿಡದ ಬೇರಿನ ಪೆರಾಕ್ಸಿಡೇಸ್. ಹೈಡ್ರೋಜನ್ ಪೆರಾಕ್ಸೈಡ್ ಜೊತೆಗಿದ್ದರೆ ಅದು ಆಂಪ್ಲೆಕ್ಸ್ ರೆಡ್ ಎಂಬ ಬಣ್ಣವಿಲ್ಲದ ರಾಸಾಯನಿಕವನ್ನು ಪ್ರತಿದೀಪ್ತಿ (ಬೆಳಕು ಬಿದ್ದಾಗ ಬೇರೆ ಬಣ್ಣದಲ್ಲಿ ಹೊಳೆಯುವುದು) ಸೂಸುವ ರೆಸೊರುಫಿನ್ ಆಗಿ ಮಾರ್ಪಡಿಸುತ್ತದೆ. ಒಂದೇ ಕಿಣ್ವ ಈ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ಅತ್ಯಲ್ಪ ಪ್ರೋಟೀನೂ ಕತ್ತಲ ಹಿನ್ನೆಲೆಯಲ್ಲಿ ಬೆಳಕಾಗಿ ಕಾಣುತ್ತದೆ.

ಆದರೆ ಈ ಕಿಣ್ವವನ್ನು ತಂಪಿನಲ್ಲಿ ಕಾಪಾಡಬೇಕು, ಬಿಸಿಗೆ ಅದು ಕೆಡುತ್ತದೆ. 2007ರಲ್ಲಿ ಚೀನಾದ ಯಾನ್ ಶಿಯುನ್ ಅವರ ತಂಡ, ಕಬ್ಬಿಣದ ಆಕ್ಸೈಡಿನ ನ್ಯಾನೋಕಣಗಳೂ ಪೆರಾಕ್ಸಿಡೇಸಿನಂತೆಯೇ ವರ್ತಿಸುತ್ತವೆ ಎಂದು ತೋರಿಸಿತು. ಬಿಸಿಯನ್ನು ಚೆನ್ನಾಗಿ ತಾಳಿಕೊಳ್ಳುವ ಈ ಕಣಗಳನ್ನು ಕಾಂತದಿಂದ ಸೆಳೆಯಲೂಬಹುದು. ಶೀತಲ ವ್ಯವಸ್ಥೆಯಿಲ್ಲದ ಊರುಗಳಿಗೆ ಇದು ದೊಡ್ಡ ಅನುಕೂಲವೆಂದೇ ನನ್ನ ನಂಬಿಕೆ.

ತೊಡಕುಗಳೂ ಇವೆ. ಈ ಕಣಗಳು ಆಮ್ಲೀಯ ದ್ರಾವಣದಲ್ಲಿ ಚುರುಕು. ಪ್ರತಿಕಾಯಗಳಿಗೆ ಬೇಕಾದದ್ದು ರಕ್ತದಂಥ ತಟಸ್ಥ ಸ್ಥಿತಿ. ಹಾಗಾಗಿ ಮೊದಲು ಅಂಟಿಸಿ, ತೊಳೆದು, ಆಮೇಲೆ ದ್ರಾವಣವನ್ನು ಬದಲಿಸಬೇಕಾಗುತ್ತದೆ. ಕಣದ ಮೈತುಂಬ ಪ್ರತಿಕಾಯ ಹೊದಿಸಿದರೆ ಅದರ ಚುರುಕುತನವೂ ತಗ್ಗಬಹುದು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಕಣಗಳು ಗುಳಿಯ ಗೋಡೆಗೆ ಸುಮ್ಮನೆ ಅಂಟಿಕೊಳ್ಳುವುದು: ಆಗ ವೈರಸ್ಸಿಲ್ಲದಿದ್ದರೂ ಬೆಳಕು ಬರುತ್ತದೆ. ಸೋಂಕಿಲ್ಲವೆಂದು ಖಚಿತವಾಗಿರುವ ಮಾದರಿಯನ್ನು ಪ್ರತಿ ತಟ್ಟೆಯಲ್ಲೂ ಇಡುವುದು ಇದಕ್ಕಾಗಿಯೇ. ರಕ್ತದಲ್ಲಿರುವ ಸಿ ಜೀವಸತ್ವದಂಥ ವಸ್ತುಗಳು ತೊಳೆದ ಮೇಲೂ ಗುಳಿಯಲ್ಲಿ ಉಳಿದಿದ್ದರೆ ಇದಕ್ಕೆ ತದ್ವಿರುದ್ಧವಾಗಿ ಬೆಳಕು ಕುಗ್ಗುತ್ತದೆ.

ಆದ್ದರಿಂದ ಹೊಸ ಪರೀಕ್ಷೆಯ ಸುದ್ದಿ ಓದುವಾಗ ಕಣದ ಹೆಸರಿಗಿಂತ ಮುಖ್ಯವಾಗಿ ಇದನ್ನು ನೋಡಿ: ಅದನ್ನು ಶುದ್ಧ ದ್ರಾವಣದಲ್ಲಿ ಮಾತ್ರ ಪರೀಕ್ಷಿಸಿದ್ದಾರೆಯೇ, ಅಥವಾ ರೋಗಿಗಳ ರಕ್ತದ ಮಾದರಿಗಳಲ್ಲಿ ಬಳಸಿ, ಅವೇ ಮಾದರಿಗಳ ಮಾಮೂಲಿ ಕಿಣ್ವದ ಎಲೈಸಾ ಫಲಿತಾಂಶದೊಂದಿಗೆ ತಾಳೆ ಹಾಕಿದ್ದಾರೆಯೇ?