ಕೊನೆಯ ಪಿರಿಯಡ್‌ನ ಹೊಟ್ಟೆನೋವು

ಮುಂಬಯಿಯ ಪೂರ್ವ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಗೆ ನಾನು ವಾರಕ್ಕೊಮ್ಮೆ ಮಕ್ಕಳಿಗೆ ಓದಿಸಲು ಹೋಗುತ್ತಿದ್ದೆ. ಅಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಗಣಿತದ ಪಿರಿಯಡ್ ಶುರುವಾದೊಡನೆ ಹೊಟ್ಟೆ ಹಿಡಿದುಕೊಂಡು, "ನೋಯ್ಲಿಕತ್ತದರಿ ಟೀಚರ್" ಎಂದು ಎದ್ದು ನಿಲ್ಲುತ್ತಿದ್ದಳು. ಟೀಚರ್ ಓಮಿನ ನೀರು ಕುಡಿಸಿ ಹಿಂದಿನ ಬೆಂಚಿನಲ್ಲಿ ಮಲಗಿಸುತ್ತಿದ್ದರು. ವೈದ್ಯರ ತಪಾಸಣೆಯಲ್ಲಿ ಏನೂ ಕಾಣಲಿಲ್ಲವಾದ್ದರಿಂದ ಇದು ಲೆಕ್ಕದ ಭಯ ಎಂದು ಕೆಲವರೂ, ನಾಟಕ ಎಂದು ಕೆಲವರೂ ತೀರ್ಮಾನಿಸಿದರು.

ಅದು ನಾಟಕವಾಗಿರಲಿಲ್ಲ. ಅಪಾಯದ ಸುಳಿವು ಸಿಕ್ಕಾಗ ಮಿದುಳಿನ ಹೈಪೋಥಲಾಮಸ್ ಎಚ್ಚೆತ್ತು, ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಸ್ರವಿಸುವಂತೆ ಮಾಡುತ್ತದೆ. ಎದೆಬಡಿತ ಏರುತ್ತದೆ, ರಕ್ತ ಜೀರ್ಣಾಂಗಗಳಿಂದ ಸ್ನಾಯುಗಳತ್ತ ತಿರುಗುತ್ತದೆ, ಕರುಳಿನ ಚಲನೆ ಲಯ ತಪ್ಪುತ್ತದೆ. ಕರುಳಿನ ಗೋಡೆಯಲ್ಲಿಯೇ ಕೋಟಿಗಟ್ಟಲೆ ನರಕೋಶಗಳಿದ್ದು, ವೇಗಸ್ ನರದ ಮೂಲಕ ಅವು ಮಿದುಳಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತವೆ. ಮಗುವಿನ ಆತಂಕ ಹೊಟ್ಟೆಯಲ್ಲಿ ನೋಯುವುದು ಅಕ್ಷರಶಃ ನಿಜ.

ಕಾರಣ ಗೊತ್ತಾದದ್ದು ಶಾಲೆಯಲ್ಲಿ ಮಧ್ಯಾಹ್ನ ಖಿಚಡಿ ಬಡಿಸುವ ಹೆಂಗಸಿನಿಂದ; ಮುಂಬಯಿಯಲ್ಲಿ ಅಂಥವರನ್ನು 'ಬಾಯಿ' ಎನ್ನುತ್ತಾರೆ. ಅವರು ಅಫಜಲಪುರದ ಕಡೆಯವರು. ಹುಡುಗಿಯ ಮನೆಯವರಂತೆಯೇ ಮಾತಾಡುವವರು. ತಾಯಿ ಹೆರಿಗೆಗೆ ಊರಿಗೆ ಹೋಗಿದ್ದಳು, ತಂದೆ ನಾಕಾ ಕೆಲಸದವನು, ಎಂದರೆ ರಸ್ತೆಯ ಕೂಡಿನಲ್ಲಿ ನಿಂತು ದಿನಗೂಲಿ ಹುಡುಕುವವನು. ಗಣಿತದ ಪಿರಿಯಡ್ ಮುಗಿದರೆ ಶಾಲೆಯೇ ಮುಗಿಯುತ್ತಿತ್ತು. ಆಮೇಲೆ ಕತ್ತಲಾಗುವವರೆಗೆ ಪುಟ್ಟ ತಮ್ಮನೊಡನೆ ಖೋಲಿಯಲ್ಲಿ (ಒಂದೇ ಕೋಣೆಯ ಮನೆಯಲ್ಲಿ) ಒಬ್ಬಳೇ ಇರಬೇಕಿತ್ತು. ಹೊರಗೆ ಕುಡುಕರ ಗಲಾಟೆ. ಗಣಿತದಲ್ಲಿ ಅವಳಿಗೆ ಒಳ್ಳೆಯ ಅಂಕಗಳೇ ಬರುತ್ತಿದ್ದವು.

ತನ್ನನ್ನು ಪ್ರೀತಿಸುವ ಟೀಚರ್‌ಗೆ ಹೇಳದ್ದನ್ನು ಮಗು ಬಡಿಸುವ ಬಾಯಿಗೆ ಹೇಳಿತೇಕೆ? ಈ ಪ್ರಶ್ನೆಗೆ ಹತ್ತಿರವಾದ ಒಂದು ಮಹತ್ವದ ಅಧ್ಯಯನವನ್ನು ಗೋವಾದಲ್ಲಿ 1996ರಲ್ಲಿ ಆರಂಭವಾದ 'ಸಂಗಾತ್' ಸಂಸ್ಥೆ ಬಿಹಾರದ ನಳಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆಸಿತು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು, ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ ಮಕ್ಕಳ ಮನಸ್ಸಿನ ಆರೋಗ್ಯಕ್ಕಾಗಿ ರೂಪಿಸಿದ ಒಂದೇ ಕಾರ್ಯಕ್ರಮವನ್ನು ನಡೆಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಮಾಲೋಚಕರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿ, ಖಿನ್ನತೆಯ ಲಕ್ಷಣಗಳೂ ಪೀಡನೆಯೂ ತಗ್ಗಿದವು. ಶಿಕ್ಷಕರು ನಡೆಸಿದ ಕಡೆ ಅಂಥ ಲಾಭ ಕಾಣಲಿಲ್ಲ. ಇದರಲ್ಲಿ ಶಿಕ್ಷಕರ ತಪ್ಪನ್ನು ನಾನು ಕಾಣುವುದಿಲ್ಲ. ಪಾಠ, ಪರೀಕ್ಷೆ, ಚುನಾವಣೆ ಕೆಲಸಗಳ ನಡುವೆ ಅವರಿಗೆ ಬಿಡುವೆಲ್ಲಿ? ಅಂಕ ಕೊಡುವವರ ಮುಂದೆ ಮಗು ಮನಸ್ಸು ಬಿಚ್ಚುವುದೂ ಕಷ್ಟವೇ.

ಮಾನಸಿಕ ಸಮಸ್ಯೆಗಳಲ್ಲಿ ಮೂರನೆಯ ಒಂದರಷ್ಟು 14 ವರ್ಷದೊಳಗೇ, ಅರ್ಧದಷ್ಟು 18 ವರ್ಷದೊಳಗೇ ಶುರುವಾಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಇಂಥ ತೊಂದರೆಯಿತ್ತು. ಎಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು. ಮುಂಬಯಿಯ ಕೆಇಎಂ, ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ ನಿಜ, ಆದರೆ ನಾಕಾ ಕಾರ್ಮಿಕನಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. 2022ರಲ್ಲಿ ಆರಂಭವಾದ, ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ–ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಆ ಹುಡುಗಿಯ ಬಳಿ ಫೋನೇ ಇರಲಿಲ್ಲ.

ಹಾಗಾಗಿ ಪ್ರತಿ ಶಾಲೆಗೂ ಮನೋವೈದ್ಯರು ಬರಲಿ ಎಂದು ಕಾಯುವ ಬದಲು, ಮಗುವಿನ ಮನೆಮಾತು ಬಲ್ಲ ಒಬ್ಬರಿಗೆ ತರಬೇತಿಯನ್ನೂ ಸಂಬಳವನ್ನೂ ಕೊಟ್ಟು, ಬಾಗಿಲು ಮುಚ್ಚಬಹುದಾದ ಒಂದು ಕೋಣೆಯನ್ನು ಬಿಟ್ಟುಕೊಟ್ಟು, ಅವರ ಕೆಲಸದ ಮೇಲೆ ಮನಶ್ಶಾಸ್ತ್ರಜ್ಞರ ನಿಗಾ ಇಡಬೇಕು. ಮಗು ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತಾಡಿದರೆ ತಡಮಾಡದೆ ಆಸ್ಪತ್ರೆಗೆ ಕಳಿಸುವ ವಿವೇಕವೂ ಆ ತರಬೇತಿಯಲ್ಲಿ ಸೇರಿರಬೇಕು.

ಖಿಚಡಿಯ ಪಾತ್ರೆ ತೊಳೆದು ಮುಗಿಸುವವರೆಗೆ ಅಕ್ಕ–ತಮ್ಮ ಇಬ್ಬರನ್ನೂ ಆ ಬಾಯಿ ತಮ್ಮ ಬಳಿ ಕೂರಿಸಿಕೊಂಡು, ಆಮೇಲೆ ತಮ್ಮ ಖೋಲಿಗೇ ಕರೆದೊಯ್ಯತೊಡಗಿದರು. ಎರಡು ವಾರಗಳಲ್ಲಿ ಹೊಟ್ಟೆನೋವು ನಿಂತಿತು.